ಹಕ್ಕಿ ಕೂಗಿನ ಆಡಿಯೊ ಹಾಕಿದರೆ ಹಕ್ಕಿ ಬರುತ್ತದೆಯೇ? ಬರುತ್ತದೆ, ತೊಂದರೆ ಇರುವುದೇ ಅಲ್ಲಿ

"ಈ ಆಡಿಯೊ ಡೌನ್‌ಲೋಡ್ ಮಾಡಿಕೊಳ್ಳಿ. ಬೆಳಗಿನ ಜಾವ ಹೊಲದ ಬದುವಿನ ಮೇಲೆ ಮೊಬೈಲ್ ಇಟ್ಟು ಜೋರಾಗಿ ಹಾಕಿ. ಹತ್ತೇ ನಿಮಿಷದಲ್ಲಿ ಗೌಜಲಹಕ್ಕಿ ಕಾಲ ಬುಡಕ್ಕೆ ಬರುತ್ತದೆ. ಬಂದೂಕು ಬೇಡ, ಕೇಸೂ ಇಲ್ಲ. ಗ್ರೂಪಿಗೆ ಕಳಿಸಿ!"

ಇಂಥ ಧಾಟಿಯ ಫಾರ್ವರ್ಡ್‌ಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಲವೊಮ್ಮೆ ಇದರ ಜೊತೆಗೆ ಅಮೆರಿಕದ ವಿಡಿಯೊ ಒಂದೂ ಇರುತ್ತದೆ. ಮರಕ್ಕೆ ಒರಗಿ ಕೂತ ಬೇಟೆಗಾರ ಸಣ್ಣ ಮರದ ಪೆಟ್ಟಿಗೆಯನ್ನು ಕಿರ್ ಕಿರ್ ಎಂದು ಉಜ್ಜುತ್ತಾನೆ, ದೊಡ್ಡ ಟರ್ಕಿ ಹುಂಜವೊಂದು ಗರಿ ಬಿಚ್ಚಿಕೊಂಡು ಅವನ ಎದುರಿಗೇ ನಡೆದು ಬರುತ್ತದೆ. "ಅಲ್ಲಿ ರಾಜಾರೋಷವಾಗಿ ಮಾಡುತ್ತಾರೆ, ಇಲ್ಲಿ ಮಾತ್ರ ಏನು ತಪ್ಪು?" ಎಂಬ ಪ್ರಶ್ನೆ ಕೆಳಗಿರುತ್ತದೆ.

ಶಿಕಾರಿಪುರ, ಸೊರಬದಂಥ ಕಡೆ ಈ ಪ್ರಶ್ನೆ ಬರೀ ಹರಟೆಯದಲ್ಲ. ಮನೆಯ ಹಿಂದಿನ ಹೊಲದಲ್ಲೇ ಗೌಜಲಹಕ್ಕಿ ಕೂಗುತ್ತದೆ, ತೋಟದ ಅಂಚಿನಲ್ಲಿ ಕಾಡುಕೋಳಿ ಕೆದಕುತ್ತದೆ, ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ. ಹಾಗಾಗಿ ಆ ಸಂದೇಶದಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಬಿಡಿಸಿ ನೋಡೋಣ.

ಮೊದಲೇ ಉತ್ತರ

ಕೂಗು ಹಾಕಿದರೆ ಹಕ್ಕಿ ಬರುತ್ತದೆ: ನಿಜ. ಎಲ್ಲ ಹಕ್ಕಿಯೂ ಅಲ್ಲ, ಎಲ್ಲ ಕಾಲದಲ್ಲೂ ಅಲ್ಲ.

ತನ್ನ ಗೆಳೆಯ ಕರೆದ ಎಂದು ಖುಷಿಯಿಂದ ಬರುತ್ತದೆ: ಸುಳ್ಳು. ಹೆಚ್ಚಿನ ಸಲ ಅದು ಜಗಳಕ್ಕೆ ಬರುತ್ತದೆ.

ಬಂದೂಕು ಇಲ್ಲದಿದ್ದರೆ ಕೇಸಿಲ್ಲ: ಪೂರ್ತಿ ಸುಳ್ಳು.

ಅಮೆರಿಕದಲ್ಲಿ ಹೀಗೆಯೇ ಮಾಡುತ್ತಾರೆ: ಅರ್ಧ ಸತ್ಯ. ಆ ಉಳಿದರ್ಧವೇ ಮುಖ್ಯ.

ಊರಿನ ಹೆಸರಲ್ಲೇ ಶಿಕಾರಿ

ಶಿಕಾರಿಪುರಕ್ಕೆ ಮೊದಲು ಮಹಾದಾನಪುರ ಎಂಬ ಹೆಸರಿತ್ತು, ಹೈದರ್–ಟಿಪ್ಪು ಕಾಲದಲ್ಲಿ ಶಿಕಾರಿಗೆ ಒಳ್ಳೆಯ ಜಾಗವೆಂಬ ಕಾರಣಕ್ಕೆ ಈಗಿನ ಹೆಸರು ಬಂತು ಎಂಬ ವಿವರಣೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಹೆಸರಿನ ಕಥೆ ಏನೇ ಇರಲಿ, ಈ ಸೀಮೆಯ ನೆಲ ಹಕ್ಕಿಗಳಿಗೆ ಹೇಳಿಮಾಡಿಸಿದಂತಿದೆ. ಪೂರ್ವಕ್ಕೆ ಶಿಕಾರಿಪುರದ ಕಡೆ ಅರೆಮಲೆನಾಡು: ಜೋಳ, ಭತ್ತದ ಹೊಲ, ಕುರುಚಲು ಗುಡ್ಡ, ಕೆರೆ ಏರಿ. ಪಶ್ಚಿಮಕ್ಕೆ ಸೊರಬದ ಕಡೆ ಹೋದಂತೆ ಅಡಿಕೆ ತೋಟ, ಗದ್ದೆ ಬಯಲು, ನಡುನಡುವೆ ಕಾನು. ಸೊರಬದ ಕಾನುಗಳು ಎಷ್ಟು ವಿಶೇಷವಾಗಿದ್ದವೆಂದರೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು.

ಹೊಲ ಮತ್ತು ಕುರುಚಲು ಸೇರುವ ಕಡೆ ಗೌಜಲಹಕ್ಕಿ ಮತ್ತು ಲಾವಕ್ಕಿ, ಕಾನು ಮತ್ತು ತೋಟ ಸೇರುವ ಕಡೆ ಕಾಡುಕೋಳಿ, ಎರಡೂ ಕಡೆ ನವಿಲು. ಇವೆಲ್ಲ ನೆಲದ ಮೇಲೆ ಓಡಾಡಿ, ನೆಲ ಕೆದಕಿ ತಿಂದು, ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳು. ಜೀವವಿಜ್ಞಾನದಲ್ಲಿ ಇವೆಲ್ಲ ಒಂದೇ ಕುಟುಂಬ. ಅಮೆರಿಕದ ಟರ್ಕಿ ಕೋಳಿಯೂ ಅದೇ ಕುಟುಂಬದ್ದು, ನಮ್ಮ ನವಿಲಿನ ದೂರದ ನೆಂಟ. ಆದ್ದರಿಂದ ಟರ್ಕಿಯ ಬಗ್ಗೆ ವಿಜ್ಞಾನಿಗಳು ಕಂಡುಕೊಂಡದ್ದು ನಮ್ಮ ಹಕ್ಕಿಗಳನ್ನು ಅರ್ಥ ಮಾಡಿಕೊಳ್ಳಲೂ ಉಪಯೋಗಕ್ಕೆ ಬರುತ್ತದೆ.

ಇಲ್ಲೊಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಅಂಗಡಿಯಲ್ಲಿ "ಗೌಜಲಹಕ್ಕಿ ಮೊಟ್ಟೆ" ಎಂದು ಮಾರುವ ಚುಕ್ಕೆ ಮೊಟ್ಟೆ ಫಾರಂನಲ್ಲಿ ಸಾಕಿದ ಜಪಾನಿ ಕ್ವೇಲ್‌ನದು. ಈ ಲೇಖನದಲ್ಲಿ ನಾವು ಗೌಜಲಹಕ್ಕಿ ಎನ್ನುತ್ತಿರುವುದು ಹಿಂದಿಯವರು ತೀತರ್ ಎಂದು ಕರೆಯುವ ಕಾಡುಹಕ್ಕಿಯನ್ನು. "ಫಾರಂ ಹಕ್ಕಿ ತಿನ್ನಬಹುದಾದರೆ ಹೊಲದ ಹಕ್ಕಿ ಹಿಡಿದರೇನು?" ಎಂಬ ವಾದ ಹುಟ್ಟುವುದೇ ಈ ಹೆಸರಿನ ಗೊಂದಲದಿಂದ. ನಾಟಿಕೋಳಿ ಸಾಕಬಹುದು ಎಂದಮಾತ್ರಕ್ಕೆ ಕಾಡುಕೋಳಿ ಹಿಡಿಯಬಹುದು ಎಂದಾಗುವುದಿಲ್ಲವಲ್ಲ.

ಬೆಳಗಿನ ಕೂಗಿನ ಅರ್ಥವೇನು?

ಗೌಜಲಹಕ್ಕಿ "ಕಟೀತರ್, ಟೀತರ್" ಎಂದು ಒಂದೇ ಸಮನೆ ಕೂಗುವುದನ್ನು ಕೇಳಿರುತ್ತೀರಿ. ತೀತರ್ ಎಂಬ ಹೆಸರೂ ಆ ಕೂಗಿನದೇ ಅನುಕರಣೆ. ಗಂಡು ಕೂಗುತ್ತದೆ, ಹೆಣ್ಣು ದನಿಗೂಡಿಸುತ್ತದೆ, ಆಚೆ ಹೊಲದಿಂದ ಇನ್ನೊಂದು ಜೋಡಿ ಉತ್ತರ ಕೊಡುತ್ತದೆ. ಕಾಡುಕೋಳಿ ಹುಂಜ ಬೆಳಕು ಹರಿಯುವಾಗ ಮತ್ತು ಸಂಜೆ ಕೂಗುತ್ತದೆ. ನಮ್ಮ ಕಿವಿಗೆ ಇದೆಲ್ಲ ಬೆಳಗಿನ ಸಂಗೀತ. ಹಕ್ಕಿಗೆ ಇದು ಗಡಿಯ ಬೇಲಿ.

"ಈ ಬದುವಿನಿಂದ ಆ ಹಳ್ಳದವರೆಗೆ ನನ್ನ ಜಾಗ. ನನ್ನ ಜೋಡಿ ಇಲ್ಲಿದೆ. ಒಳಗೆ ಬಂದರೆ ಜಗಳ." ಕೂಗಿನ ಮುಖ್ಯ ಅರ್ಥ ಇಷ್ಟೇ. ಕೂಗುವುದರಿಂದ ಹಕ್ಕಿಗೆ ದೊಡ್ಡ ಲಾಭವಿದೆ: ದಿನವೂ ಕಾದಾಡುವ ಬದಲು ದನಿಯಲ್ಲೇ ಲೆಕ್ಕ ಚುಕ್ತಾ. ಪಕ್ಕದ ಹೊಲದ ಹಕ್ಕಿಯ ದನಿ ಅದಕ್ಕೆ ಪರಿಚಿತ, ಅದು ತನ್ನ ಜಾಗದಲ್ಲಿದ್ದು ಕೂಗಿದರೆ ತಕರಾರಿಲ್ಲ. ತನ್ನ ಜಾಗದ ನಟ್ಟನಡುವೆ ಹೊಸ ದನಿಯೊಂದು ಕೇಳಿದರೆ ಮಾತ್ರ ಎದ್ದು ಬರುತ್ತದೆ, ಓಡಿಸಲು.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ಡೇವಿಡ್ ಲ್ಯಾಕ್ ಎಂಬ ಪಕ್ಷಿವಿಜ್ಞಾನಿ ರಾಬಿನ್ ಹಕ್ಕಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1943ರಲ್ಲಿ ಪುಸ್ತಕ ಬರೆದರು. ಒಣಹುಲ್ಲು ತುಂಬಿದ ಸತ್ತ ರಾಬಿನ್ ಅನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಅಲ್ಲಿನ ಹಕ್ಕಿ ಬಂದು ಅದನ್ನು ಕುಕ್ಕುತ್ತಿತ್ತು. ಬರೀ ಕೆಂಪು ಗರಿಗಳ ಗೊಂಚಲು ಇಟ್ಟಾಗಲೂ ಬೆದರಿಸಲು ಬರುತ್ತಿತ್ತು. ಹಕ್ಕಿ ದಡ್ಡ ಎಂದಲ್ಲ. ಕಾಡಿನಲ್ಲಿ ಆ ಗುರುತು ಕಂಡಾಗ ನೂರಕ್ಕೆ ನೂರು ಸಲ ಎದುರಿಗಿರುವುದು ನಿಜವಾದ ಎದುರಾಳಿಯೇ. ಯೋಚಿಸುತ್ತ ಕೂತರೆ ಜಾಗ ಹೋಗುತ್ತದೆ. ಹಾಗಾಗಿ ತಟ್ಟನೆ ನುಗ್ಗುವ ಸ್ವಭಾವ ಉಳಿದುಬಂದಿದೆ. ಸ್ಪೀಕರಿನಿಂದಲೂ ತನ್ನ ಜಾತಿಯ ಕೂಗು ಬರಬಹುದು ಎಂಬುದು ಅದರ ಲೆಕ್ಕದಲ್ಲೇ ಇಲ್ಲ.

ನಂತರದ ಸಂಶೋಧನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕದ ಹಾಡುಗುಬ್ಬಿಗಳ ಜಾಗದಲ್ಲಿ ಪಂಜರದ ಹಕ್ಕಿ ಇಟ್ಟು, ಧ್ವನಿಮುದ್ರಿತ ಹಾಡು ಕೇಳಿಸಿದಾಗ ಅಲ್ಲಿನ ಗಂಡಿನ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನ್ ಏರುವುದನ್ನು ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅಂದರೆ ನಾವು ತಮಾಷೆಗೆ ಹಾಕಿದ ಆಡಿಯೊ ಹಕ್ಕಿಯ ಮೈಯೊಳಗೆ ನಿಜವಾದ ಯುದ್ಧಸಿದ್ಧತೆ ಮಾಡಿಸಬಹುದು.

ದೀಮ: ನಮ್ಮಲ್ಲಿ ಹಳೆಯ ವಿದ್ಯೆ

ಮೊಬೈಲ್ ಬರುವ ಮೊದಲೂ ಈ ಗುಟ್ಟು ಜನರಿಗೆ ಗೊತ್ತಿತ್ತು. ಸಾಕಿದ ಪ್ರಾಣಿ ಅಥವಾ ಹಕ್ಕಿಯನ್ನು ಮುಂದಿಟ್ಟು ಕಾಡಿನದನ್ನು ಸೆಳೆಯುವುದಕ್ಕೆ ಕನ್ನಡದಲ್ಲಿ ಪ್ರತ್ಯೇಕ ಪದವೇ ಇದೆ: ದೀಮ. ಹಳೆಗನ್ನಡದಲ್ಲಿ ದೀವ, ದೀಹ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆಯ ಭಾಗವೇ ಇದ್ದು, ಪಳಗಿಸಿದ ಜಿಂಕೆಯಿಂದ ಕಾಡುಜಿಂಕೆಯನ್ನು ಸೆಳೆಯುವ ಮಾತು ಅಲ್ಲಿ ಬರುತ್ತದೆ. ಲಾವಕ್ಕಿ ಕಾಳಗದ ವರ್ಣನೆಯೂ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಆ ಕಾಲಕ್ಕೆ ಅದೇ ಅರಸರ ಆಳ್ವಿಕೆಯ ಹೆಸರಾಂತ ಪಟ್ಟಣ.

ಗೌಜಲಹಕ್ಕಿ ಹಿಡಿಯುವ ಹಳೆಯ ಪದ್ಧತಿಯೂ ದೀಮದ್ದೇ. ಪಂಜರದಲ್ಲಿ ಸಾಕಿದ ಗಂಡು ಕೂಗುತ್ತದೆ. ತನ್ನ ಹೊಲದಲ್ಲಿ ಯಾರೋ ಕೂಗುತ್ತಿದ್ದಾನೆ ಎಂದು ಕಾಡಿನ ಗಂಡು ಜಗಳಕ್ಕೆ ಬರುತ್ತದೆ, ಸುತ್ತಲಿನ ಉರುಳಿಗೆ ಕಾಲು ಕೊಡುತ್ತದೆ. ಇಲ್ಲಿ ಹಕ್ಕಿಯನ್ನು ಸೋಲಿಸಿದ್ದು ಅದರ ಆಸೆಯಲ್ಲ, ಮನೆ ಕಾಯುವ ಹಟ.

ಇನ್ನು ಬಾಯಲ್ಲೇ ಕೂಗುವವರು. ತುಟಿ, ನಾಲಿಗೆ, ಬೆರಳು, ಎಲೆ ಬಳಸಿ ಹಕ್ಕಿ ದನಿ ತೆಗೆಯುವವರು ಮಲೆನಾಡಿನ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಇದು ಮಂತ್ರವಿದ್ಯೆಯಲ್ಲ, ವರ್ಷಗಟ್ಟಲೆ ಕಿವಿಗೊಟ್ಟು ಕಲಿತದ್ದು. ಯಾವ ಕೂಗು ಯಾವ ಹೊತ್ತಿನದು, ಯಾವಾಗ ಸುಮ್ಮನಾಗಬೇಕು ಎಂಬುದು ಗೊತ್ತಿಲ್ಲದೆ ಬರೀ ದನಿ ತೆಗೆದರೆ ಹಕ್ಕಿ ಅನುಮಾನಪಟ್ಟು ಪೊದೆ ಸೇರುತ್ತದೆ.

ಟರ್ಕಿ ಬೇಟೆಗಾರ ಮಾಡುವುದೇನು?

ಈಗ ಆ ಅಮೆರಿಕದ ವಿಡಿಯೊಗೆ ಬರೋಣ. ಟರ್ಕಿ ಕೋಳಿಯ ಹೆಸರಿನ ಕಥೆಯೇ ತಮಾಷೆಯದು. ಅದು ಅಮೆರಿಕ ಖಂಡದ ಹಕ್ಕಿ, ಇಂಗ್ಲಿಷರು ಟರ್ಕಿ ದೇಶದ ಹೆಸರಿಟ್ಟರು, ಟರ್ಕಿ ದೇಶದವರು ಅದನ್ನು "ಹಿಂದಿ", ಅಂದರೆ ಹಿಂದೂಸ್ಥಾನದ್ದು, ಎನ್ನುತ್ತಾರೆ. ಹಿಂದೂಸ್ಥಾನದ ನಮಗೆ ಅದು ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದ ಹಕ್ಕಿ. 1612ರಲ್ಲಿ ಗೋವಾದಿಂದ ಮೊಗಲ್ ದೊರೆ ಜಹಾಂಗೀರನ ಆಸ್ಥಾನಕ್ಕೆ ಒಂದು ಟರ್ಕಿ ಹೋಯಿತು. ಅದನ್ನು ಕಂಡು ಬೆರಗಾದ ದೊರೆ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರ ಬರೆಸಿದ.

ಕಾಡು ಟರ್ಕಿಯ ಸಂತಾನಕಾಲ ವಸಂತ. ಮರದ ಮೇಲೆ ರಾತ್ರಿ ಕಳೆದ ಹುಂಜ ಬೆಳಗ್ಗೆ ಗಡಗಡ ಎಂದು ದೊಡ್ಡದಾಗಿ ಕೂಗುತ್ತದೆ. ಬೇಟೆಗಾರ ಮೊದಲು ಗೂಬೆಯಂತೆಯೋ ಕಾಗೆಯಂತೆಯೋ ಕೂಗಿ ನೋಡುತ್ತಾನೆ. ಆ ಸದ್ದಿಗೆ ಬೆಚ್ಚಿದ ಹುಂಜ ತಾನಾಗಿಯೇ ಒಮ್ಮೆ ಕೂಗಿಬಿಡುತ್ತದೆ, ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ದೂರದಲ್ಲಿ ಕದಲದೆ ಕೂತು ಹೇಂಟೆಯ ದನಿ ತೆಗೆಯುತ್ತಾನೆ. ಆ ದನಿ ತೆಗೆಯುವ ಸಾಧನಗಳು ಬೇರೆಬೇರೆ. ಮರದ ಪೆಟ್ಟಿಗೆಯ ಅಂಚಿಗೆ ಸೀಮೆಸುಣ್ಣ ಬಳಿದ ಮುಚ್ಚಳ ಉಜ್ಜುವುದು ಒಂದು, ಅದಕ್ಕೆ ಅರ್ಕನ್ಸಾಸ್‌ನ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದಿದ್ದ. ಸ್ಲೇಟಿನ ಮೇಲೆ ಕಡ್ಡಿ ಗೀಚುವುದು ಇನ್ನೊಂದು. ಅಂಗುಳಿಗೆ ತೆಳು ರಬ್ಬರ್ ಪೊರೆ ಅಂಟಿಸಿ ಊದುವುದು ಮತ್ತೊಂದು. ಟರ್ಕಿಯದೇ ರೆಕ್ಕೆಯ ಮೂಳೆಯಿಂದ ಮಾಡಿದ ಪೀಪಿಯನ್ನು ಮೂಲನಿವಾಸಿಗಳು ಬಹಳ ಹಿಂದಿನಿಂದಲೇ ಬಳಸುತ್ತಿದ್ದರು. ಪೆಟ್ಟಿಗೆ ಉಜ್ಜಿದರೆ ದನಿ ಬರುವುದು ಪಿಟೀಲಿನ ತತ್ವದಿಂದ: ಕಮಾನು ತಂತಿಗೆ ಕ್ಷಣ ಅಂಟಿ, ಕ್ಷಣ ಜಾರಿ ಅದನ್ನು ಕಂಪಿಸುವಂತೆ ಇಲ್ಲಿ ಮುಚ್ಚಳ ಪೆಟ್ಟಿಗೆಯ ಅಂಚನ್ನು ಕಂಪಿಸುತ್ತದೆ.

ಆದರೆ ನಿಜವಾದ ಕೌಶಲ ದನಿಯಲ್ಲಿಲ್ಲ, ಮೌನದಲ್ಲಿದೆ. ಕಾಡಿನ ಪದ್ಧತಿಯಲ್ಲಿ ಹುಂಜ ಕೂಗಿದರೆ ಹೇಂಟೆಯೇ ಅದರ ಬಳಿ ಹೋಗಬೇಕು. ಬೇಟೆಗಾರ ಆ ಪದ್ಧತಿಯನ್ನು ತಿರುಗಿಸಲು ನೋಡುತ್ತಾನೆ. ಒಂದೆರಡು ಸಲ ಕರೆದು ಸುಮ್ಮನಾಗುತ್ತಾನೆ. ಹೇಂಟೆ ಬರಲಿಲ್ಲವಲ್ಲ ಎಂದು ಹುಂಜ ತಾನೇ ಹುಡುಕಿಕೊಂಡು ಬರುತ್ತದೆ. ಪದೇಪದೇ ಕರೆದರೆ ನಿಂತಲ್ಲೇ ನಿಂತು ಕಾಯುತ್ತದೆ, ಇಲ್ಲವೇ ಅನುಮಾನಪಟ್ಟು ಹೊರಟುಹೋಗುತ್ತದೆ.

ಈ ಕುಟುಂಬದ ಹಕ್ಕಿಗಳಲ್ಲಿ ಕಿವಿಯ ಮಾತು ಎಷ್ಟು ಮೇಲುಗೈ ಎಂಬುದಕ್ಕೆ ಒಂದು ಪ್ರಯೋಗ ಸಾಕು. 1960ರಲ್ಲಿ ವೂಲ್ಫ್‌ಗಾಂಗ್ ಶ್ಲೈಡ್ಟ್ ಮತ್ತು ಸಂಗಡಿಗರು ಕಿವಿ ಕೇಳದಂತೆ ಮಾಡಿದ ಟರ್ಕಿ ತಾಯಿಕೋಳಿಗಳನ್ನು ಗಮನಿಸಿದರು. ಅವು ಕಾವು ಕೊಟ್ಟು ಮರಿ ಮಾಡಿದವು. ಮರಿಗಳ ಚಿಂವ್ ಚಿಂವ್ ಕೇಳದ ಕಾರಣ ಕಣ್ಣೆದುರಿನ ಸ್ವಂತ ಮರಿಗಳನ್ನೇ ಶತ್ರುವೆಂದು ಕುಕ್ಕಿ ಕೊಂದವು. ಕಣ್ಣು ಕಂಡರೂ ಕಿವಿ ಹೇಳಿದ್ದೇ ಅಂತಿಮ. ಅಷ್ಟು ಬಿಗಿಯಾದ ನಂಬಿಕೆಯನ್ನೇ ಕೂಗಿನ ಬೇಟೆ ಬಳಸಿಕೊಳ್ಳುತ್ತದೆ.

ಬೇಟೆಗಾರರೇ ರೆಕಾರ್ಡಿಂಗ್ ಬೇಡವೆಂದದ್ದು ಏಕೆ?

ಫಾರ್ವರ್ಡ್‌ಗಳು ಬಿಟ್ಟುಬಿಡುವ ಸಂಗತಿ ಇದು. ಅಮೆರಿಕದಲ್ಲಿ ಟರ್ಕಿ ಬೇಟೆಗೆ ಪರವಾನಗಿ ಬೇಕು, ನಿಗದಿತ ಕಾಲವಿದೆ, ಎಷ್ಟು ಹಕ್ಕಿ ಎಂಬ ಮಿತಿಯಿದೆ. ಹೆಚ್ಚಿನ ರಾಜ್ಯಗಳಲ್ಲಿ ಟರ್ಕಿ ಬೇಟೆಗೆ ರೆಕಾರ್ಡ್ ಮಾಡಿದ, ಎಲೆಕ್ಟ್ರಾನಿಕ್ ಕೂಗು ಬಳಸುವಂತಿಲ್ಲ. ಪೆಟ್ಟಿಗೆ ಉಜ್ಜಬಹುದು, ಬಾಯಲ್ಲಿ ಕೂಗಬಹುದು, ಮೊಬೈಲ್ ಹಾಕುವಂತಿಲ್ಲ. ಬಾತುಕೋಳಿಯಂಥ ವಲಸೆ ಹಕ್ಕಿಗಳ ಬೇಟೆಯಲ್ಲಿ ಜೀವಂತ ದೀಮದ ಹಕ್ಕಿಯನ್ನು ಅಲ್ಲಿ 1935ರಲ್ಲೇ ನಿಷೇಧಿಸಿದರು. ಯುರೋಪಿನ ದೇಶಗಳ ಒಕ್ಕೂಟ 1979ರಲ್ಲಿ ತಂದ ಪಕ್ಷಿ ಕಾನೂನಿನ ನಿಷೇಧಿತ ವಿಧಾನಗಳ ಪಟ್ಟಿಯಲ್ಲಿ ಬಲೆ, ಅಂಟು, ಉರುಳುಗಳ ಜೊತೆಗೆ ಟೇಪ್ ರೆಕಾರ್ಡರ್ ಕೂಡ ಇದೆ.

ಬೇಟೆಗೆ ಒಪ್ಪಿದ ಸಮಾಜಗಳೇ ಹೀಗೆ ಮಾಡಿದ್ದು ಏಕೆ? ಬಾಯಲ್ಲಿ ಕೂಗುವವನು ದಣಿಯುತ್ತಾನೆ, ತಪ್ಪುತ್ತಾನೆ, ನೂರರಲ್ಲೊಬ್ಬನಿಗೆ ಮಾತ್ರ ಆ ವಿದ್ಯೆ ಒಲಿಯುತ್ತದೆ. ಹಕ್ಕಿಗೆ ತಪ್ಪಿಸಿಕೊಳ್ಳಲು ಅವಕಾಶ ಇರುವುದು ಮನುಷ್ಯನ ಆ ದೌರ್ಬಲ್ಯದಲ್ಲೇ. ರೆಕಾರ್ಡಿಂಗ್‌ಗೆ ದಣಿವಿಲ್ಲ, ತಪ್ಪಿಲ್ಲ, ರಾತ್ರಿಯಿಡೀ ಕೂಗುತ್ತದೆ, ಒಂದು ಫಾರ್ವರ್ಡ್‌ನಲ್ಲಿ ಸಾವಿರ ಜನರ ಕೈ ಸೇರುತ್ತದೆ. ಒಬ್ಬ ಜಾಣ ಬೇಟೆಗಾರ ಹತ್ತು ವರ್ಷದಲ್ಲಿ ಕಲಿತದ್ದು ಹತ್ತು ಸೆಕೆಂಡಿನಲ್ಲಿ ಡೌನ್‌ಲೋಡ್ ಆಗುತ್ತದೆ.

ಟರ್ಕಿಯ ಚರಿತ್ರೆಯೂ ಎಚ್ಚರಿಕೆಯೇ. 20ನೇ ಶತಮಾನದ ಆರಂಭದ ಹೊತ್ತಿಗೆ ಮಿತಿಯಿಲ್ಲದ ಬೇಟೆ ಮತ್ತು ಕಾಡುನಾಶದಿಂದ ಅದು ಅಮೆರಿಕದ ಬಹುಭಾಗದಲ್ಲಿ ಕಣ್ಮರೆಯಾಗಿತ್ತು. ಬೇಟೆ ಸಾಮಾನಿನ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೇ ಕೊಡುವ 1937ರ ಕಾನೂನು, ಕಟ್ಟುನಿಟ್ಟಾದ ಮಿತಿ, ಉಳಿದ ಕಾಡುಗಳಿಂದ ಹಕ್ಕಿ ಹಿಡಿದು ಖಾಲಿ ಕಾಡುಗಳಿಗೆ ಬಿಡುವ ದಶಕಗಳ ದುಡಿಮೆ, ಇಷ್ಟೆಲ್ಲ ಸೇರಿ ಅದನ್ನು ವಾಪಸ್ ತಂದವು. ವಿಡಿಯೊದಲ್ಲಿ ಕಾಣುವ ಆ ಒಂದು ಹುಂಜದ ಹಿಂದೆ ಇಷ್ಟು ದೊಡ್ಡ ವ್ಯವಸ್ಥೆ ಇದೆ. ನಮ್ಮ ಗೌಜಲಹಕ್ಕಿಯ ಹಿಂದೆ ಅಂಥದ್ದೇನೂ ಇಲ್ಲ. ಅದಕ್ಕಿರುವುದು ಕಾನೂನಿನ ರಕ್ಷಣೆ ಒಂದೇ.

ಒಂದು ಹಕ್ಕಿ ಹೋದರೆ ಏನು ಮಹಾ?

ಕೂಗಿಗೆ ಯಾವ ಹಕ್ಕಿ ಬರುತ್ತದೆ ಎಂದು ನೋಡಿ. ಜಾಗ ಹಿಡಿದು, ಜೋಡಿ ಕಟ್ಟಿಕೊಂಡು, ಸಂಸಾರ ಹೂಡಿದ ಹಕ್ಕಿ. ಬಲವಾದದ್ದೇ ಮೊದಲು ಬರುತ್ತದೆ, ಸಂತಾನಕಾಲದಲ್ಲೇ ಹೆಚ್ಚು ಬರುತ್ತದೆ. ಅಂದರೆ ಕೂಗಿನ ಬೇಟೆ ಆರಿಸಿ ತೆಗೆಯುವುದು ಮುಂದಿನ ತಲೆಮಾರು ಹುಟ್ಟಿಸಬೇಕಾದ ಹಕ್ಕಿಗಳನ್ನೇ. ಅದರ ಜಾಗ ಖಾಲಿಯಾದರೆ ಪಕ್ಕದ ಗುಡ್ಡದ ಇನ್ನೊಂದು ಬಂದು ಕೂಗತೊಡಗುತ್ತದೆ. ಅದೇ ಬದುವಿನಲ್ಲಿ ಮತ್ತೆ ಆಡಿಯೊ ಹಾಕಿದರೆ ಅದೂ ಸಿಗುತ್ತದೆ. "ಎಷ್ಟು ಹಿಡಿದರೂ ಮುಗಿಯುವುದಿಲ್ಲ" ಎಂದು ಹಿಡಿಯುವವರಿಗೆ ಅನ್ನಿಸುವುದು ಇದರಿಂದಲೇ. ನಿಜದಲ್ಲಿ ಆ ಒಂದು ಬದು ಸುತ್ತಲಿನ ಗುಡ್ಡಗಳನ್ನೆಲ್ಲ ಖಾಲಿ ಮಾಡುತ್ತಿರುತ್ತದೆ.

ಹಿಡಿಯದೆ ಬರೀ ತಮಾಷೆಗೆ ಹಾಕಿದರೂ ನಷ್ಟವಿದೆ. ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಕ್ಕಿ ಮೇಯುವ ಹೊತ್ತನ್ನು ಕಳೆದುಕೊಳ್ಳುತ್ತದೆ. ಬಯಲಿಗೆ ಬಂದು ನಿಂತಾಗ ಗಿಡುಗ, ನಾಯಿ, ಮುಂಗುಸಿಯ ಕಣ್ಣಿಗೆ ಬೀಳುತ್ತದೆ. ಇವು ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳೆಂಬುದು ನೆನಪಿರಲಿ: ಅಪ್ಪ ಅಮ್ಮ ಅತ್ತ ಜಗಳಕ್ಕೆ ಹೋದರೆ ಇತ್ತ ಮೊಟ್ಟೆಗೆ ಕಾವಲಿಲ್ಲ.

"ಬೆಳೆ ತಿನ್ನುವ ಹಕ್ಕಿ, ಹೋದರೆ ರೈತರಿಗೆ ಒಳ್ಳೆಯದೇ" ಎನ್ನುವವರೂ ಇದ್ದಾರೆ. ಗೌಜಲಹಕ್ಕಿ ಕಾಳು ತಿನ್ನುವುದು ನಿಜ. ಅದರ ಜೊತೆಗೆ ಕಳೆಗಿಡದ ಬೀಜ, ಗೆದ್ದಲು, ದುಂಬಿ, ಹುಳುಗಳನ್ನೂ ತಿನ್ನುತ್ತದೆ. ಗೆದ್ದಲು ಅದಕ್ಕೆ ಬಲು ಇಷ್ಟ. ಹೊಲದಲ್ಲಿ ಗೆದ್ದಲಿನ ಕಾಟ ಕಂಡವರಿಗೆ ಇದರ ಬೆಲೆ ಗೊತ್ತು.

ಬಂದೂಕಿಲ್ಲದಿದ್ದರೂ ಅದು ಬೇಟೆಯೇ

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮೊದಲು ಕೆಲವು ಸಣ್ಣ ಪ್ರಾಣಿ ಪಕ್ಷಿಗಳಿಗೆ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವಿತ್ತು. "ನಮ್ಮ ಅಜ್ಜನ ಹತ್ತಿರ ಲೈಸೆನ್ಸ್ ಇತ್ತು" ಎಂದು ಯಾರಾದರೂ ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಆದರೆ 1991ರ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ದಂಡ ಇನ್ನೂ ಏರಿತು.

ಕಾಯ್ದೆಯ 2(16)ನೇ ಕಲಂನಲ್ಲಿ ಬೇಟೆ ಎಂದರೇನು ಎಂದು ಬರೆದಿದೆ. ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಬೋನಿಡುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳಲ್ಲಿ ಯಾವುದಕ್ಕೇ ಆಗಲಿ ಮಾಡುವ ಪ್ರತಿಯೊಂದು ಪ್ರಯತ್ನವೂ ಬೇಟೆ. ಕಾಡುಹಕ್ಕಿಯ ಮೊಟ್ಟೆ, ಗೂಡನ್ನು ಕದಲಿಸುವುದೂ ಬೇಟೆಯೇ. ಆದ್ದರಿಂದ ಹೊಲದಲ್ಲಿ ಉರುಳು ಹಾಕಿ ಪಕ್ಕದಲ್ಲಿ ಮೊಬೈಲ್ ಕೂಗಿಸಿದರೆ ಹಕ್ಕಿ ಸಿಗದೆ ಬರಿಗೈಲಿ ವಾಪಸಾದರೂ ಅಪರಾಧ ಆಗಿಹೋಗಿದೆ. ಸ್ವಂತ ಹೊಲ ಎಂಬ ಕಾರಣ ನಡೆಯುವುದಿಲ್ಲ. ಹೊಲ ನಿಮ್ಮದು, ಹಕ್ಕಿ ನಿಮ್ಮದಲ್ಲ.

ಸಾಮಾನ್ಯ ಪ್ರಕರಣದಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲಿನಂತೆ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿಯಾದರೆ, ಅಥವಾ ಅಭಯಾರಣ್ಯದೊಳಗೆ ಬೇಟೆ ನಡೆದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ದಂಡ ಕನಿಷ್ಠ 25,000 ರೂಪಾಯಿ. ಬೇಟೆಗೆ ಬಳಸಿದ ಸಾಧನವನ್ನು ವಶಪಡಿಸಿಕೊಳ್ಳುವ ಅಧಿಕಾರ ಅರಣ್ಯಾಧಿಕಾರಿಗಳಿಗೆ ಇದೆ. ಕೂಗಿದ್ದು ಮೊಬೈಲ್ ಆದರೆ ಹೋಗುವುದೂ ಮೊಬೈಲೇ. ಹಿಡಿದದ್ದನ್ನು ವಿಡಿಯೊ ಮಾಡಿ ಸ್ಟೇಟಸ್ ಹಾಕಿಕೊಂಡವರು ತಮ್ಮ ವಿರುದ್ಧ ತಾವೇ ಸಾಕ್ಷಿ ಬರೆದುಕೊಟ್ಟ ಹಾಗೆ.

"ಹಕ್ಕಿಪಿಕ್ಕಿಗಳೇ ಹಿಡಿದು ಮುಗಿಸಿದರು" ಎಂಬ ಮಾತು

ಹಕ್ಕಿ ಕೂಗಿನ ಮಾತು ಬಂದಾಗಲೆಲ್ಲ ಶಿವಮೊಗ್ಗ ಜಿಲ್ಲೆಯಲ್ಲೂ ನೆಲೆಸಿರುವ ಹಕ್ಕಿಪಿಕ್ಕಿ ಸಮುದಾಯದ ಕಡೆ ಬೆರಳು ಹೋಗುತ್ತದೆ. ಅವರ ಹಿರಿಯರಿಗೆ ಹಕ್ಕಿ ಹಿಡಿಯುವುದು ಕುಲಕಸುಬಾಗಿತ್ತು, ಹಕ್ಕಿಗಳ ದನಿ ತೆಗೆಯುವುದರಲ್ಲಿ ಅವರು ನಿಸ್ಸೀಮರು, ಇದು ನಿಜ. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ಭಾಷೆ ಆಡುವ ಈ ಜನ ಕಾನೂನು ಬಂದ ಮೇಲೆ ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು. ಗಿಡಮೂಲಿಕೆ ಎಣ್ಣೆ, ಪ್ಲಾಸ್ಟಿಕ್ ಹೂ ಮಾರುತ್ತ ದೇಶ ದೇಶ ಸುತ್ತಿದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರು ಎಂದು ಸುದ್ದಿಯಾದದ್ದು ಇದೇ ಸಮುದಾಯದವರು.

ಒಂದು ಸಮುದಾಯ ತಲೆಮಾರುಗಳ ಕಸುಬನ್ನೇ ಬಿಟ್ಟು ಬದುಕು ಬದಲಿಸಿಕೊಳ್ಳಬೇಕಾಯಿತು. ಈಗ ಅದೇ ಕೆಲಸವನ್ನು ಹೊಟ್ಟೆಪಾಡಿಗಲ್ಲದೆ ಮೋಜಿಗಾಗಿ ಯಾರು ಬೇಕಾದರೂ ಮೊಬೈಲ್‌ನಲ್ಲಿ ಮಾಡುವಂತಾಗಿದೆ. ಹಳೆಯ ಹೆಸರು ಹಿಡಿದು ಅವರನ್ನು ದೂರುವ ಮೊದಲು ನಮ್ಮ ಗ್ರೂಪಿನಲ್ಲಿ ಏನು ಹರಿದಾಡುತ್ತಿದೆ ಎಂದು ನೋಡಿಕೊಳ್ಳುವುದು ನ್ಯಾಯ.

ಫೋಟೊಗಾಗಿ ಹಾಕಬಹುದೇ?

ಈ ಪ್ರಶ್ನೆ ಒಳ್ಳೆಯ ಮನಸ್ಸಿನವರಿಂದ ಬರುತ್ತದೆ. ಹಿಡಿಯುವ ಉದ್ದೇಶವಿಲ್ಲ, ಪೊದೆಯಿಂದ ಒಮ್ಮೆ ಹೊರಗೆ ಬಂದರೆ ಸಾಕು ಎಂದು. ನಮ್ಮ ಸಲಹೆ: ಬೇಡ. ಹಕ್ಕಿಗೆ ನಿಮ್ಮ ಉದ್ದೇಶ ಗೊತ್ತಿಲ್ಲ, ಅದಕ್ಕೆ ಎದುರಾಳಿ ಬಂದಂತೆಯೇ. ಸಂಶೋಧಕರು ಕೂಗು ಹಾಕುವುದು ಅನುಮತಿ ಪಡೆದು, ಹೊತ್ತು ಅಳೆದು. ಪ್ರವಾಸಿಗರು ದಿನವೂ ಒಬ್ಬರಾದ ಮೇಲೊಬ್ಬರು ಹಾಕಿದರೆ ಒಂದೋ ಹಕ್ಕಿ ಆ ಜಾಗ ಬಿಡುತ್ತದೆ, ಇಲ್ಲವೇ ಕೂಗಿಗೆ ಒಗ್ಗಿಹೋಗಿ ನಿಜವಾದ ಎದುರಾಳಿ ಬಂದಾಗಲೂ ಸುಮ್ಮನಿರುತ್ತದೆ. ಎರಡೂ ಅದಕ್ಕೆ ನಷ್ಟವೇ.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಹೋದವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆಗಳು ಒತ್ತೊತ್ತಾಗಿ ಗೂಡು ಕಟ್ಟಿರುತ್ತವೆ. ಅಲ್ಲಿ ಒಂದು ದೊಡ್ಡ ಸದ್ದಾದರೆ ಹಕ್ಕಿಗಳು ಒಟ್ಟಿಗೆ ಮೇಲೇಳುತ್ತವೆ. ಆ ಒಂದೆರಡು ನಿಮಿಷದಲ್ಲೇ ಕಾಗೆಗಳಿಗೆ ಮೊಟ್ಟೆ, ಮರಿ ಸಿಗುತ್ತವೆ.

ಹಾಗಾದರೆ ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗಬೇಕೇ? ಬೇಕಿಲ್ಲ. ಅದನ್ನು ಕೂಗಲು ಬಿಡದೆ ಕೇಳಲು ಬಿಡಿ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಎಂಬ ಉಚಿತ ಆ್ಯಪ್ ಸುತ್ತಲಿನ ದನಿ ಕೇಳಿಸಿಕೊಂಡು ಯಾವ ಹಕ್ಕಿ ಇರಬಹುದೆಂದು ಹೇಳುತ್ತದೆ. ಒಮ್ಮೊಮ್ಮೆ ತಪ್ಪುತ್ತದೆ, ಆದರೂ ಕಲಿಯುವವರಿಗೆ ಒಳ್ಳೆಯ ಜೊತೆಗಾರ. ಇಬರ್ಡ್‌ನಲ್ಲಿ ಕಂಡ ಹಕ್ಕಿಗಳ ಪಟ್ಟಿ ಹಾಕಿದರೆ ಶಿಕಾರಿಪುರದ ಯಾವ ಗುಡ್ಡದಲ್ಲಿ ಯಾವ ಹಕ್ಕಿ ಉಳಿದಿದೆ ಎಂಬ ದಾಖಲೆ ಬೆಳೆಯುತ್ತದೆ. ಅದೇ ಮೊಬೈಲ್, ಅದೇ ಬದು, ಅದೇ ಬೆಳಗಿನ ಜಾವ. ಉರುಳು ಮಾತ್ರ ಇಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಆಡಿಯೊ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರು ಗೊತ್ತಿದ್ದವರಾದರೆ ಬೈಯುವ ಬದಲು "ಇದು ಗೆಳೆಯನ ಕರೆಯಲ್ಲ, ಹಕ್ಕಿ ಮನೆ ಉಳಿಸಿಕೊಳ್ಳಲು ಬರುತ್ತದೆ" ಎಂದು ಒಂದು ಮಾತು ಹೇಳಿ. ಗೊತ್ತಿಲ್ಲದೆ ಮಾಡುವವರೇ ಹೆಚ್ಚು. ಯಾರಾದರೂ ಹಕ್ಕಿ ಹಿಡಿಯುತ್ತಿರುವುದು ಕಂಡರೆ ನೀವೇ ಎದುರು ಹೋಗಬೇಡಿ. ಹತ್ತಿರದ ವಲಯ ಅರಣ್ಯ ಕಚೇರಿಗೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ತಿಳಿಸಿ.

ನಾಳೆ ಬೆಳಗ್ಗೆ ಹೊಲದ ಕಡೆಯಿಂದ "ಟೀತರ್, ಟೀತರ್" ಕೇಳಿಸಿದರೆ ಒಂದು ನಿಮಿಷ ನಿಂತು ಕಿವಿಗೊಡಿ. ಆಚೆ ಗುಡ್ಡದಿಂದ ಉತ್ತರ ಬರುತ್ತದೆಯೇ ನೋಡಿ. ಬಂದರೆ ನಿಮ್ಮ ಊರಿನಲ್ಲಿ ಇನ್ನೂ ಎರಡು ಸಂಸಾರ ಉಳಿದಿವೆ. ಉತ್ತರ ಬರದಿದ್ದರೆ ಈ ಲೇಖನವನ್ನು ಗ್ರೂಪಿಗೆ ಕಳಿಸಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.